ಕ್ಲೋನ್ ಬ್ರಷ್ ಬೇರೆ ಲೇಯರ್‌ಗೆ ಹೋದಾಗ ಕೈಕೊಟ್ಟರೆ: ಒಂದು ಹಳೆಯ ಮೈಸೂರು ಚಿತ್ರದ ರಿಪೇರಿ

ದೋಷ ಹೀಗಿತ್ತು. ಲೇಯರ್ ಅಂದರೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ. ಕೆಳಗಿನ ಲೇಯರ್‌ನಲ್ಲಿ ಒಂದು ಹಳೆಯ ಚಿತ್ರದ ಫೋಟೋ. ಅದರ ಮೇಲೆ ಒಂದು ಖಾಲಿ ಲೇಯರ್. ಒಂದು ಜಾಗದ ಚಿತ್ರವನ್ನು ಎತ್ತಿ ಇನ್ನೊಂದು ಜಾಗದಲ್ಲಿ ಬಳಿಯುವ ಕ್ಲೋನ್ ಬ್ರಷ್ ಹಿಡಿದು, ಫೋಟೋದಲ್ಲಿ ಚೆನ್ನಾಗಿರುವ ಜಾಗದ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ, ಹಾಳಾದ ಜಾಗದ ಮೇಲೆ ಉಜ್ಜಿದರೆ ಏನೂ ಬೀಳುವುದಿಲ್ಲ. ಬ್ರಷ್ಷಿನ ಸುತ್ತು ಓಡಾಡುತ್ತದೆ. ಪರದೆಯ ಮೇಲೆ ಮಾತ್ರ ಇದ್ದದ್ದು ಇದ್ದ ಹಾಗೇ.

"ಅಕ್ಕ, ಎಷ್ಟ್ ಉಜ್ಜುದ್ರೂ ಏನೂ ಬೀಳ್ತಿಲ್ಲ ಕಣಕ್ಕ. ಸಾಫ್ಟ್‌ವೇರೇ ಕೆಟ್ಟೋಗದೆ ಅನ್ಸುತ್ತೆ" ಅಂತ ಮಂಡ್ಯದಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಅಷ್ಟರಲ್ಲಿ ಎರಡು ಸಲ ಕ್ರಿಟಾ ಅನ್ನುವ ಆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದಳಂತೆ. ಲ್ಯಾಪ್‌ಟಾಪ್ ತಗೊಂಡು ಬಾ ಅಂದೆ. ಮಾರನೇ ದಿನ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಬಂದಳು. ಅವಳ ಫೈಲ್ ತೆರೆದು ಇಬ್ಬರೂ ಕೂತು ಒಂದೊಂದೇ ನೋಡಿದೆವು. ಸಿಕ್ಕಿದ್ದು ಒಂದಲ್ಲ, ಮೂರು ತೊಂದರೆ. ಒಂದನ್ನು ಬಿಡಿಸಿದ ಮೇಲೆ ಇನ್ನೊಂದು ಕಾಣಿಸಿತು. ನಾವು ನೋಡಿದ ಕ್ರಮದಲ್ಲೇ ಬರೆಯುತ್ತೇನೆ. ಇದೇ ಕ್ರಮದಲ್ಲಿ ಹೋದರೆ ನಿಮಗೂ ಜಾಸ್ತಿ ಹುಡುಕಾಟ ಇರುವುದಿಲ್ಲ.

ಚಿತ್ರದ ಬಗ್ಗೆ ಒಂದೆರಡು ಮಾತು ಮೊದಲೇ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಕೊನೆಯ ತೊಂದರೆ ಅರ್ಥವಾಗುವುದಿಲ್ಲ. ಅವರ ಮನೆಯ ದೇವರ ಕೋಣೆಯಲ್ಲಿದ್ದ ರಾಜರಾಜೇಶ್ವರಿಯ ಚಿತ್ರ ಅದು, ಮೈಸೂರು ಶೈಲಿಯದು. ಈ ಶೈಲಿಯಲ್ಲಿ ಒಡವೆ, ಕಿರೀಟ, ಸೀರೆಯ ಅಂಚು ಎಲ್ಲವನ್ನೂ ಜೆಸ್ಸೊ (ಪುಡಿಗೆ ಅಂಟು ಕಲಸಿ ಮಾಡಿದ ಲೇಪ) ಹಾಕಿ ತೆಳ್ಳಗೆ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರು ಚಿತ್ರದ ಹಾಗೆ ದಪ್ಪ ಉಬ್ಬು ಇರುವುದಿಲ್ಲ. ಕೈಯಾಡಿಸಿದರೆ ಮಾತ್ರ ಗೊತ್ತಾಗುವಷ್ಟು ಸಣ್ಣ ಕೆಲಸ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲ ಗೆರೆ ಹಾಕುತ್ತಿದ್ದರು. ಅಳಿಲಿನ ಕೂದಲಿನ ಕುಂಚದಲ್ಲಿ ಬಣ್ಣ ತುಂಬುತ್ತಿದ್ದರು. ಇವರ ಚಿತ್ರದಲ್ಲಿ ದೇವಿಯ ಎಡಗಡೆ ಹಾರದ ಹತ್ತು ಹನ್ನೆರಡು ಮಣಿ ಉದುರಿದ್ದವು. ದೀಪದ ಹೊಗೆ ಹಿಡಿದು ಕೆಳಗಿನ ಅಂಚು ಮಂಕಾಗಿತ್ತು. ಮೂಲ ಚಿತ್ರವನ್ನು ಮುಟ್ಟದೆ, ಫೋಟೋ ತೆಗೆದು, ಅದನ್ನು ಸರಿಮಾಡಿ, ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಗೃಹಪ್ರವೇಶಕ್ಕೆ ಕೊಡುವುದು ಅವಳ ಯೋಚನೆ.

ಮೂಲ ಚಿತ್ರ ಮುಟ್ಟದೇ ಇದ್ದದ್ದು ಒಳ್ಳೆಯದೇ ಆಯಿತು. ಈ ಜೆಸ್ಸೊದಲ್ಲಿ ಅಂಟು ಇರುತ್ತದೆ, ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಳಿದ ಮಣಿಗಳೂ ಬಟ್ಟೆಗೆ ಬರುತ್ತವೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಫೈಲಿನಲ್ಲಿ ಮೂರು ಲೇಯರ್ ಇದ್ದವು. ತಳದಲ್ಲಿ ಫೋಟೋ, ಅದಕ್ಕೆ ಅವಳು ಇಟ್ಟ ಹೆಸರು 'ಮೂಲ'. ಅದರ ಮೇಲೆ ಖಾಲಿಯಾದ 'ರಿಪೇರಿ'. ಎಲ್ಲಕ್ಕಿಂತ ಮೇಲೆ 'ನೆರಳು' ಅಂತ ಒಂದು ಬೂದು ಲೇಯರ್, ಮಲ್ಟಿಪ್ಲೈ ಮೋಡ್‌ನಲ್ಲಿ. ಫೋಟೋ ತೆಗೆಯುವಾಗ ಕಿಟಕಿ ಪಕ್ಕದಲ್ಲಿದ್ದ ಭಾಗ ಬೆಳ್ಳಗಾಗಿತ್ತು, ಅದನ್ನು ತಗ್ಗಿಸಲು ಆ ಭಾಗದ ಮೇಲೆ ಇದನ್ನು ಹಾಕಿದ್ದಳು. ರಿಪೇರಿಯನ್ನು ಬೇರೆ ಲೇಯರ್‌ನಲ್ಲಿ ಮಾಡುವುದು ಸರಿಯಾದ ಪದ್ಧತಿ. ತಪ್ಪಾದರೆ ಅಳಿಸಬಹುದು, ಮೂಲ ಹಾಗೇ ಉಳಿಯುತ್ತದೆ. ಲೇಯರ್ ಎಲ್ಲ ಒಂದು ಮಾಡಿ ಅದರ ಮೇಲೇ ಉಜ್ಜಿಬಿಡಿ ಅಂತ ಹೇಳುವವರಿದ್ದಾರೆ. ಈ ಕೆಲಸಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಮೂರು ದಿನ ಬಿಟ್ಟು ನೋಡಿದಾಗ ಒಂದು ಮಣಿ ಸರಿಯಿಲ್ಲ ಅನ್ನಿಸಿದರೆ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಕ್ಲೋನ್ ಬ್ರಷ್ಷಿಗೆ ಎರಡು ವಿಳಾಸ ಬೇಕು. ಎಲ್ಲಿಂದ ತಗೊಳ್ಳಬೇಕು, ಎಲ್ಲಿ ಇಡಬೇಕು. ಮಾಮೂಲಿ ಬ್ರಷ್ಷಿಗೆ ಇಡುವ ಜಾಗ ಒಂದೇ ಸಾಕು, ಅದಕ್ಕೇ ಅದು ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ. ಲೇಯರ್‌ಗಳ ನಡುವೆ ಕ್ಲೋನ್ ಕೆಟ್ಟಾಗ ನೀವು ಹುಡುಕಬೇಕಾದದ್ದು ಇಷ್ಟೇ: ಎರಡರಲ್ಲಿ ಯಾವ ವಿಳಾಸ ತಪ್ಪಿದೆ. ಎರಡನ್ನೂ ಒಟ್ಟಿಗೆ ಅಲ್ಲಾಡಿಸಬೇಡಿ. ಒಂದೊಂದಾಗಿ ನೋಡಿ.

ಮೊದಲು ಮಾಮೂಲಿ ಬ್ರಷ್ ಹಿಡಿಯಿರಿ

ಯಾವ ಲೇಯರ್ ಮೇಲೆ ಕ್ಲೋನ್ ಬೀಳುತ್ತಿಲ್ಲವೋ ಅದೇ ಲೇಯರ್ ಆರಿಸಿಕೊಂಡು, ಮಾಮೂಲಿ ಗುಂಡನೆಯ ಬ್ರಷ್ ಹಿಡಿದು, ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಬಿತ್ತಾ? ಹಾಗಾದರೆ ಇಡುವ ಜಾಗ ಚೆನ್ನಾಗಿದೆ. ತೊಂದರೆ ತಗೊಳ್ಳುವ ಕಡೆ ಇದೆ. ಗೆರೆ ಎಳೆದದ್ದನ್ನು ಅನ್‌ಡೂ ಮಾಡಿ ಮುಂದಿನ ಪರೀಕ್ಷೆಗೆ ಹೋಗಿ.

ಗೆರೆಯೂ ಬೀಳಲಿಲ್ಲ ಅಂದರೆ ಕ್ಲೋನ್ ಬ್ರಷ್ಷಿನ ತಪ್ಪೇ ಅಲ್ಲ. ಆಗ ಲೇಯರ್ ಪಟ್ಟಿಯನ್ನು ಹತ್ತಿರದಿಂದ ನೋಡಿ. ಬೀಗದ ಗುರುತು ಬಿದ್ದಿದೆಯಾ? ಕಣ್ಣಿನ ಗುರುತು ಮುಚ್ಚಿದೆಯಾ? ಲೇಯರ್ ಅಂತ ತಿಳಿದು ಗ್ರೂಪ್ ಮೇಲೆ ನಿಂತಿದ್ದೀರಾ? ಇವು ಬೇಗ ಕಾಣುತ್ತವೆ. ಬೇಗ ಕಾಣದೆ ಇರುವುದು ಆಲ್ಫಾ ಲಾಕ್. ಆಲ್ಫಾ ಲಾಕ್ ಅಂದರೆ ಬಣ್ಣ ಇರುವ ಕಡೆ ಮಾತ್ರ ಬಣ್ಣ ಬೀಳಲಿ ಅನ್ನುವ ಅಪ್ಪಣೆ. ಖಾಲಿ ಲೇಯರ್‌ನಲ್ಲಿ ಬಣ್ಣವೇ ಇಲ್ಲ, ಹಾಗಾಗಿ ಎಲ್ಲೂ ಏನೂ ಬೀಳುವುದಿಲ್ಲ. ಕ್ರಿಟಾದ ಲೇಯರ್ ಪಟ್ಟಿಯಲ್ಲಿ ಇದರ ಗುರುತು ಚದುರಂಗದ ಮನೆಯ ಹಾಗೆ ಪುಟ್ಟದಾಗಿರುತ್ತದೆ. ಪೆನ್ ತಾಗಿದರೂ ಬಿದ್ದುಬಿಡುತ್ತದೆ.

ಇನ್ನೊಂದು, ಹಿಂದೆ ಎಂದೋ ಮಾಡಿದ ಸೆಲೆಕ್ಷನ್, ಅಂದರೆ ಈ ಭಾಗದಲ್ಲಿ ಮಾತ್ರ ಕೆಲಸ ನಡೆಯಲಿ ಅಂತ ಹಾಕಿದ ಬೇಲಿ. ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದರೆ ಸೆಲೆಕ್ಷನ್ನಿನ ಅಂಚು ಪರದೆಯ ಆಚೆ ಇರುತ್ತದೆ, ನೀವು ಅದರ ಹೊರಗೆ ಉಜ್ಜುತ್ತಾ ಇರುತ್ತೀರಿ. ಸೆಲೆಕ್ಷನ್ ಪೂರ್ತಿ ತೆಗೆದು ನೋಡಿ. ಕ್ರಿಟಾದಲ್ಲಿ ಇ ಅಕ್ಷರ ಒತ್ತಿದರೆ ಬ್ರಷ್ ಅಳಿಸುವ ರಬ್ಬರ್ ಆಗುತ್ತದೆ, ಅದನ್ನೂ ನೋಡಿ. ಲೇಯರ್‌ಗೆ ಮಾಸ್ಕ್ (ಅದರ ಕೆಲವು ಭಾಗ ಮರೆಮಾಡುವ ಮುಸುಕು) ಇದ್ದರೆ ನೀವು ನಿಂತಿರುವುದು ಲೇಯರ್ ಮೇಲೋ ಮಾಸ್ಕ್ ಮೇಲೋ ನೋಡಿಕೊಳ್ಳಿ.

ಗಿಂಪ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಇಲ್ಲಿ ಒಂದು ವಿಶೇಷ ಇದೆ. ಗಿಂಪ್‌ನಲ್ಲಿ ಪ್ರತಿ ಲೇಯರ್‌ಗೂ ಅದರದೇ ಅಳತೆ. ಲೇಯರ್ ಚಿತ್ರಕ್ಕಿಂತ ಸಣ್ಣದಿದ್ದರೆ ಅದರ ಗಡಿಯಾಚೆ ಬಣ್ಣ ಬೀಳುವುದಿಲ್ಲ. ಗಡಿಯನ್ನು ತುಂಡು ಗೆರೆಯಲ್ಲಿ ತೋರಿಸಿರುತ್ತದೆ. ಲೇಯರ್ ಮೆನುವಿನಲ್ಲಿ 'ಲೇಯರ್ ಟು ಇಮೇಜ್ ಸೈಜ್' ಒತ್ತಿದರೆ ಸರಿಹೋಗುತ್ತದೆ. ಕ್ರಿಟಾದಲ್ಲಿ ಈ ಗಡಿಯ ಕಾಟ ಇಲ್ಲ.

ನಮ್ಮ ಹುಡುಗಿಯ ಫೈಲಿನಲ್ಲಿ ಹಸಿರು ಗೆರೆ ಚೆನ್ನಾಗಿ ಬಿತ್ತು. ಅಲ್ಲಿಗೆ ಇಡುವ ವಿಳಾಸ ಸರಿ ಅಂತ ಗೊತ್ತಾಯಿತು.

ಮೂರು ಚುಕ್ಕೆಯ ಪರೀಕ್ಷೆ

ತಗೊಳ್ಳುವ ಕಡೆಯ ತೊಂದರೆಯನ್ನು ಸುಮ್ನೆ ನೋಡಿ ಹೇಳಲು ಆಗುವುದಿಲ್ಲ. ಪರದೆಯ ಮೇಲೆ ಕಾಣುವುದು ಎಲ್ಲ ಲೇಯರ್‌ಗಳ ಒಟ್ಟು ಚಿತ್ರ. ಬ್ರಷ್ ನೋಡುವುದು ಒಂದೇ ಲೇಯರ್ ಇರಬಹುದು. ಅದು ಯಾವುದನ್ನು ನೋಡುತ್ತಿದೆ ಅಂತ ಬ್ರಷ್ಷಿನಿಂದಲೇ ಹೇಳಿಸಬೇಕು. ಅದಕ್ಕೆ ನಾನು ಮಾಡುವುದು ಹೀಗೆ.

ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡು, ಆ ನಕಲಿನಲ್ಲಿ ಕೆಲಸ ಮಾಡಿ. ಚಿತ್ರದ ಅಂಚಿನ ಬಿಳಿ ಜಾಗದಲ್ಲಿ, ಪ್ರತಿ ಲೇಯರ್ ಮೇಲೂ ಒಂದೊಂದು ಬಣ್ಣದ ಚುಕ್ಕೆ ಇಡಿ. 'ಮೂಲ'ದಲ್ಲಿ ಕೆಂಪು, 'ರಿಪೇರಿ'ಯಲ್ಲಿ ನೀಲಿ, 'ನೆರಳು' ಲೇಯರ್‌ನಲ್ಲಿ ಹಳದಿ. ಮೂರೂ ಅಕ್ಕಪಕ್ಕ ಇರಲಿ, ಒಂದರ ಮೇಲೆ ಒಂದು ಬೇಡ. ಈಗ ದೋಷ ಬಂದಾಗ ಏನೇನು ಮಾಡಿದ್ದಿರೋ ಅದನ್ನೇ ಅದೇ ಕ್ರಮದಲ್ಲಿ ಮಾಡಿ. ಅದೇ ಲೇಯರ್ ಆರಿಸಿ, ಅದೇ ಬ್ರಷ್ ಹಿಡಿದು, ಚುಕ್ಕೆಗಳ ಎಡ ತುದಿಯಲ್ಲಿ ಕಂಟ್ರೋಲ್ ಕ್ಲಿಕ್ ಮಾಡಿ. ಸ್ವಲ್ಪ ಕೆಳಗೆ ಬಂದು ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಅಗಲವಾಗಿ ಉಜ್ಜಿ.

ಕೆಳಗೆ ಕೆಂಪು ಚುಕ್ಕೆ ಮಾತ್ರ ಬಂದರೆ ಬ್ರಷ್ 'ಮೂಲ'ದಿಂದ ತಗೊಳ್ಳುತ್ತಿದೆ, ಸರಿ ಇದೆ. ನೀಲಿ ಮಾತ್ರ ಬಂದರೆ 'ರಿಪೇರಿ'ಯಿಂದಲೇ ತಗೊಂಡು 'ರಿಪೇರಿ'ಗೇ ಹಾಕುತ್ತಿದೆ. ಮೂರೂ ಬಂದರೆ ಕಾಣುವ ಎಲ್ಲ ಲೇಯರ್‌ಗಳ ಒಟ್ಟು ಚಿತ್ರದಿಂದ ತಗೊಳ್ಳುತ್ತಿದೆ. ಒಂದೂ ಬರಲಿಲ್ಲ ಅಂದರೆ ಈ ಮೂರೂ ಅಲ್ಲದ ನಾಲ್ಕನೇ ಲೇಯರ್ ಎಲ್ಲೋ ಇದೆ, ಇಲ್ಲವೇ ಬ್ರಷ್ಷಿಗೆ ಎಲ್ಲಿಂದ ತಗೊಳ್ಳಬೇಕು ಅನ್ನುವ ಮೂಲಬಿಂದುವೇ ಕೂತಿಲ್ಲ.

ನಾವು ಉಜ್ಜಿದಾಗ ನೀಲಿ ಒಂದೇ ಬಂತು. ಅವಳಿಗೆ ತಕ್ಷಣ ಹೊಳೆಯಿತು. "ಅಯ್ಯೋ, ಖಾಲಿದ್ರಿಂದ ಖಾಲಿನೇ ಎತ್ತಿ ಹಾಕ್ತಿದ್ದೆ" ಅಂದಳು. ಹೌದು. ದೇವರ ಪಟಕ್ಕೆ ಗಾಜು ಹಾಕಿಸಿದ ಮೇಲೆ ಬೆರಳಿಟ್ಟರೆ ತಾಗುವುದು ಗಾಜು ತಾನೇ? ಖಾಲಿ ಲೇಯರ್ ಕೂಡ ಹಾಗೇ. ಕೆಳಗಿನ ಚಿತ್ರ ಕಾಣುತ್ತದೆ, ಕ್ಲಿಕ್ ಬೀಳುವುದು ಗಾಜಿನ ಮೇಲೆ. ಬ್ರಷ್ ಹೇಳಿದ ಕೆಲಸ ಮಾಡಿದೆ. ಗಾಜನ್ನು ತೆಗೆದು ಗಾಜಿನ ಮೇಲೆ ಇಟ್ಟಿದೆ.

ಕ್ರಿಟಾದಲ್ಲಿ ವಿಳಾಸ ಸರಿಮಾಡುವುದು

ಬೇರೆ ಸಾಫ್ಟ್‌ವೇರ್‌ಗಳಲ್ಲಿ ಕ್ಲೋನ್ ಅನ್ನುವುದು ಪ್ರತ್ಯೇಕ ಟೂಲ್. ಕ್ರಿಟಾದಲ್ಲಿ ಅದು ಬ್ರಷ್ಷಿನ ಒಂದು ಜಾತಿ. ಅದಕ್ಕೇ ಅದರ ಸೆಟ್ಟಿಂಗ್ ಎಲ್ಲ ಬ್ರಷ್ ಎಡಿಟರ್ ಒಳಗೆ ಇರುತ್ತವೆ, ಎಫ್5 ಒತ್ತಿದರೆ ಅದು ತೆರೆಯುತ್ತದೆ. ಫೋಟೋಶಾಪ್‌ನಿಂದ ಬಂದವರು ಮೇಲಿನ ಪಟ್ಟಿಯಲ್ಲಿ ಹುಡುಕಿ ಸುಸ್ತಾಗುವುದು ಇದರಿಂದಲೇ.

ಕೆಲಸ ಶುರುಮಾಡುವ ಕ್ರಮ ಇಲ್ಲಿ ಮುಖ್ಯ. ಮೊದಲು 'ಮೂಲ' ಲೇಯರ್ ಮೇಲೆ ಕ್ಲಿಕ್ ಮಾಡಿ ಅದರ ಮೇಲೆ ನಿಲ್ಲಿ. ಅಲ್ಲಿ ನಿಂತೇ ಕ್ಲೋನ್ ಬ್ರಷ್ ಆರಿಸಿ. ಅಲ್ಲಿ ನಿಂತೇ ಕಂಟ್ರೋಲ್ ಕ್ಲಿಕ್ ಮಾಡಿ ಬಿಂದು ಇಡಿ. ಆಮೇಲೆ 'ರಿಪೇರಿ' ಲೇಯರ್‌ಗೆ ಹೋಗಿ ಉಜ್ಜಿ. ಅವಳು ಮಾಡಿದ್ದು ಇದಕ್ಕೆ ತಿರುಗಾಮುರುಗಾ. ಮೊದಲು 'ರಿಪೇರಿ'ಗೆ ಹೋಗಿ, ಆಮೇಲೆ ಬ್ರಷ್ ಆರಿಸಿ, ಆಮೇಲೆ ಬಿಂದು ಇಟ್ಟಿದ್ದಳು. ಹಾಗಾಗಿ ತಗೊಳ್ಳುವ ಲೇಯರ್ ಕೂಡ 'ರಿಪೇರಿ'ಯೇ ಆಗಿ ಕೂತಿತ್ತು.

ಒಂದು ಮಣಿ ಮುಗಿಸಿ ಇನ್ನೊಂದಕ್ಕೆ ಹೊಸ ಬಿಂದು ಇಡಬೇಕಾದಾಗ ಇದೇ ತಪ್ಪು ಮತ್ತೆ ಆಗುತ್ತದೆ. ನೀವೀಗ 'ರಿಪೇರಿ' ಮೇಲೆ ನಿಂತಿರುತ್ತೀರಿ. ಕ್ರಿಟಾದಲ್ಲಿ ಕಂಟ್ರೋಲ್ ಕ್ಲಿಕ್ ಬೇರೆ, ಕಂಟ್ರೋಲ್ ಜೊತೆ ಆಲ್ಟ್ ಸೇರಿಸಿದ ಕ್ಲಿಕ್ ಬೇರೆ. ಎರಡರಲ್ಲಿ ಒಂದು ನೀವು ನಿಂತ ಲೇಯರನ್ನೇ ಹೊಸ ಮೂಲ ಮಾಡಿಕೊಳ್ಳುತ್ತದೆ. ಇನ್ನೊಂದು ಹಳೆಯ ಮೂಲ ಲೇಯರ್ ಉಳಿಸಿಕೊಂಡು ಬಿಂದುವನ್ನು ಮಾತ್ರ ಸರಿಸುತ್ತದೆ. ನಿಮ್ಮ ಆವೃತ್ತಿಯಲ್ಲಿ ಯಾವುದು ಯಾವುದು ಅಂತ ಆ ಮೂರು ಚುಕ್ಕೆಯ ಫೈಲಿನಲ್ಲೇ ಒಂದು ಸಲ ಮಾಡಿ ನೋಡಿಕೊಳ್ಳಿ, ಅರ್ಧ ನಿಮಿಷದ ಕೆಲಸ. ನಾನಂತೂ ಪ್ರತಿ ಸಲ 'ಮೂಲ'ಕ್ಕೆ ಹೋಗಿ ಬಿಂದು ಇಟ್ಟು ವಾಪಸ್ ಬರುತ್ತೇನೆ. ಸ್ವಲ್ಪ ನಿಧಾನ, ಆದರೆ ತಪ್ಪುವುದಿಲ್ಲ.

ಬಿಂದು ಎಲ್ಲಿದೆ ಅಂತ ಕಾಣಲು ಕರ್ಸರ್ ಸೆಟ್ಟಿಂಗ್‌ನಲ್ಲಿ ಬ್ರಷ್ ಔಟ್‌ಲೈನ್ ಹಾಕಿರಬೇಕು. ಬರೀ ಬಾಣದ ಗುರುತು ಇಟ್ಟುಕೊಂಡರೆ ಕತ್ತಲಲ್ಲಿ ಕೆಲಸ ಮಾಡಿದ ಹಾಗೆ.

ಅದೇ ಬ್ರಷ್ ಎಡಿಟರ್‌ನಲ್ಲಿ 'ಕ್ಲೋನ್ ಫ್ರಮ್ ಆಲ್ ವಿಸಿಬಲ್ ಲೇಯರ್ಸ್' ಅನ್ನುವ ಚೌಕ ಇದೆ. ಅದನ್ನು ಟಿಕ್ ಮಾಡಿದರೆ ಯಾವ ಲೇಯರ್ ಅನ್ನುವ ತಲೆನೋವೇ ಇಲ್ಲ, ಕಣ್ಣಿಗೆ ಕಂಡದ್ದೆಲ್ಲ ಬರುತ್ತದೆ. ಅವಳೂ ಅದನ್ನು ನೋಡಿ ಖುಷಿಯಿಂದ ಟಿಕ್ ಮಾಡಿದಳು. ಮಣಿ ಬಿತ್ತು. ಬಿದ್ದ ಮಣಿ ಮಸಿ ಹಿಡಿದ ಹಾಗೆ ಕಪ್ಪಗಿತ್ತು. ಎರಡನೇ ತೊಂದರೆ ಅದು.

ಗಿಂಪ್, ಫೋಟೋಶಾಪ್ ಬಳಸುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಗಿಂಪ್‌ನಲ್ಲಿ ಕಂಟ್ರೋಲ್ ಕ್ಲಿಕ್ ಮಾಡುವಾಗ ಯಾವ ಲೇಯರ್ ಆರಿಸಿರುತ್ತೀರೋ ಅದೇ ಮೂಲ. ಒಟ್ಟು ಚಿತ್ರದಿಂದ ಬೇಕಾದರೆ ಟೂಲಿನ ಆಯ್ಕೆಗಳಲ್ಲಿ 'ಸ್ಯಾಂಪಲ್ ಮರ್ಜ್ಡ್' ಟಿಕ್ ಮಾಡಬೇಕು. ಅಲ್ಲೇ ಅಲೈನ್‌ಮೆಂಟ್ ಪಟ್ಟಿಯಲ್ಲಿ 'ರಿಜಿಸ್ಟರ್ಡ್' ಅಂತ ಒಂದಿದೆ. ಅದು ಒಂದು ಲೇಯರ್‌ನ ಯಾವ ಜಾಗವೋ ಇನ್ನೊಂದು ಲೇಯರ್‌ನ ಅದೇ ಜಾಗಕ್ಕೆ ತರುತ್ತದೆ. ಒಂದೇ ಚಿತ್ರದ ಎರಡು ಫೋಟೋ ಇದ್ದು, ಒಂದರಲ್ಲಿ ಬೆಳಕು ಚೆನ್ನಾಗಿ, ಇನ್ನೊಂದರಲ್ಲಿ ಬಣ್ಣ ಚೆನ್ನಾಗಿ ಬಂದಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮಣಿಯನ್ನು ಪಕ್ಕದಿಂದ ಎತ್ತಲು ಹೋಗಿ ಇದನ್ನು ಮರೆತು ಬಿಟ್ಟಿದ್ದರೆ, ಹಾಳಾದ ಜಾಗದ ಮೇಲೆ ಅದೇ ಹಾಳಾದ ಜಾಗವೇ ಬಂದು ಕೂರುತ್ತದೆ. ನೋಡುವವರಿಗೆ ಏನೂ ಬೀಳುತ್ತಿಲ್ಲ ಅನ್ನಿಸುತ್ತದೆ.

ಫೋಟೋಶಾಪ್‌ನಲ್ಲಿ ಬಿಂದು ಇಡುವುದು ಆಲ್ಟ್ ಕ್ಲಿಕ್‌ನಿಂದ. ಮೇಲಿನ ಪಟ್ಟಿಯಲ್ಲಿ 'ಸ್ಯಾಂಪಲ್' ಅಂತ ಇದೆ, ಅದರಲ್ಲಿ ಈಗಿನ ಲೇಯರ್, ಈಗಿನದ್ದು ಮತ್ತು ಕೆಳಗಿನವು, ಎಲ್ಲ ಲೇಯರ್ ಅಂತ ಮೂರು ಆಯ್ಕೆ. ಖಾಲಿ ರಿಪೇರಿ ಲೇಯರ್ ಇಟ್ಟುಕೊಂಡವರಿಗೆ ನಡುವಿನದ್ದೇ ಸರಿ. ಯಾಕೆ ಅಂತ ಈಗ ಹೇಳುತ್ತೇನೆ.

ಬಿದ್ದದ್ದು ಕಪ್ಪಗಾದರೆ

ಎಲ್ಲ ಲೇಯರ್‌ಗಳಿಂದ ತಗೊಳ್ಳುವ ಆಯ್ಕೆ ಹಾಕಿದಾಗ ಬ್ರಷ್ ಎತ್ತುವುದು ಮುಗಿದ ಅಡುಗೆಯನ್ನು. ಅದನ್ನು ಮತ್ತೆ ಒಲೆಯ ಮೇಲಿನ ಪಾತ್ರೆಗೇ ಹಾಕಿದರೆ ಉಪ್ಪು ಖಾರ ಎರಡು ಸಲ ಬಿದ್ದ ಹಾಗೆ.

ಲೆಕ್ಕ ಹಾಕಿ ತೋರಿಸಿದಾಗ ಅವಳಿಗೆ ಇದು ಚೆನ್ನಾಗಿ ಕೂತಿತು. 'ನೆರಳು' ಲೇಯರ್‌ನ ಬೂದು 204 ಅಂತ ಇಟ್ಟುಕೊಳ್ಳಿ. 255ರಲ್ಲಿ 204 ಅಂದರೆ ಹತ್ತರಲ್ಲಿ ಎಂಟು ಪಾಲು. ಮಲ್ಟಿಪ್ಲೈ ಮೋಡ್ ಅಂದರೆ ಗುಣಾಕಾರ. ಕೆಳಗೆ ಚಿನ್ನದ ಬೆಳಕು 200 ಇದ್ದರೆ ಪರದೆಯಲ್ಲಿ 160 ಆಗಿ ಕಾಣುತ್ತದೆ. ಬ್ರಷ್ ಆ 160ನ್ನು ಎತ್ತಿಕೊಂಡು 'ರಿಪೇರಿ'ಯಲ್ಲಿ ಇಡುತ್ತದೆ. 'ರಿಪೇರಿ' ಇರುವುದು 'ನೆರಳಿ'ನ ಕೆಳಗೆ. ಹಾಗಾಗಿ ಅದೇ 160 ಮತ್ತೆ ಗುಣಾಕಾರವಾಗಿ 128 ಆಗುತ್ತದೆ. ಪಕ್ಕದ ಮಣಿ 160, ರಿಪೇರಿ ಮಣಿ 128. ಕಣ್ಣಿಗೆ ಹೊಡೆಯದೆ ಇರುತ್ತದಾ?

ಇದು ಮಲ್ಟಿಪ್ಲೈಗೆ ಮಾತ್ರ ಅಲ್ಲ. ಮೇಲೆ ಬೆಳಕು ಏರಿಸುವ ಫಿಲ್ಟರ್ ಲೇಯರ್ ಇದ್ದರೆ ಬಿದ್ದದ್ದು ಬೆಳ್ಳಗಾಗುತ್ತದೆ. ಬಣ್ಣ ಬದಲಿಸುವುದು ಇದ್ದರೆ ಬಣ್ಣ ಎರಡು ಪಟ್ಟು ಬದಲಾಗುತ್ತದೆ. ಫೋಟೋಶಾಪ್‌ನಲ್ಲಿ ಆ ಸ್ಯಾಂಪಲ್ ಪಟ್ಟಿಯ ಪಕ್ಕದಲ್ಲೇ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಬಿಟ್ಟುಬಿಡು ಅನ್ನುವ ಗುಂಡಿ ಇಟ್ಟಿರುವುದು ಇದೇ ಕಾರಣಕ್ಕೆ. 'ಈಗಿನದ್ದು ಮತ್ತು ಕೆಳಗಿನವು' ಸರಿ ಅಂದದ್ದೂ ಇದಕ್ಕೇ. ಮೇಲಿನ ಲೇಯರ್‌ಗಳು ಲೆಕ್ಕಕ್ಕೇ ಬರುವುದಿಲ್ಲ.

ಕ್ರಿಟಾದಲ್ಲಿ ಪರಿಹಾರ ಇನ್ನೂ ಸರಳ. ಕ್ಲೋನ್ ಮಾಡುವಷ್ಟು ಹೊತ್ತು 'ನೆರಳು' ಲೇಯರ್‌ನ ಕಣ್ಣು ಮುಚ್ಚಿ. ಕಾಣದ ಲೇಯರ್ ಒಟ್ಟು ಚಿತ್ರದಲ್ಲಿ ಇರುವುದಿಲ್ಲ. ಮುಗಿದ ಮೇಲೆ ಕಣ್ಣು ತೆರೆದರೆ ಹಳೆ ಮಣಿ ಹೊಸ ಮಣಿ ಎರಡರ ಮೇಲೂ ನೆರಳು ಒಂದೇ ಸಮ ಬೀಳುತ್ತದೆ. ಅಥವಾ ಆ ಚೌಕದ ಟಿಕ್ ತೆಗೆದು, ಮೊದಲು ಹೇಳಿದ ಹಾಗೆ 'ಮೂಲ'ದಿಂದಲೇ ತಗೊಳ್ಳಿ. ನಾವು ಎರಡನೆಯದನ್ನೇ ಮಾಡಿದೆವು. ಅವಳು ನಡುವೆ 'ನೆರಳು' ತೆರೆದು ಮುಚ್ಚಿ ನೋಡುತ್ತಿರುತ್ತಾಳೆ, ಒಂದು ಸಲ ಮುಚ್ಚಲು ಮರೆತರೂ ಮತ್ತೆ ಕಪ್ಪು ಮಣಿ.

ಕಪ್ಪಿನ ಬದಲು ತೆಳ್ಳಗೆ, ನೀರು ಬೆರೆಸಿದ ಹಾಗೆ ಬಿದ್ದರೆ ಕಾರಣ ಬೇರೆ. ಮೂಲ ಲೇಯರ್‌ನ ಒಪ್ಯಾಸಿಟಿ (ಬಣ್ಣದ ಗಟ್ಟಿತನ) ಕಮ್ಮಿ ಇರಬಹುದು, ಬ್ರಷ್ಷಿನ ಒಪ್ಯಾಸಿಟಿ ಕಮ್ಮಿ ಇರಬಹುದು. ಜಾಸ್ತಿ ಸಲ ನಾನು ನೋಡಿರುವುದು ಪೆನ್ನಿನ ಒತ್ತಡಕ್ಕೆ ಒಪ್ಯಾಸಿಟಿ ಕಟ್ಟಿರುವುದನ್ನು. ಹಗುರವಾಗಿ ಎಳೆದರೆ ಅರ್ಧ ಬಣ್ಣ ಬೀಳುತ್ತದೆ. ಅದರ ಮೇಲೆ ಇನ್ನೊಂದು ಸಲ ಎಳೆದರೆ ಎರಡು ಅರ್ಧ ಸೇರಿ ಜೆಸ್ಸೊದ ಕಣಕಣ ಹೋಗಿ ಬೆಣ್ಣೆ ಸವರಿದ ಹಾಗಾಗುತ್ತದೆ. ಉಬ್ಬಿನ ಕೆಲಸಕ್ಕೆ ಒಪ್ಯಾಸಿಟಿ ಪೂರ್ತಿ ಇಡಿ, ಒತ್ತಡದ ಗಂಟು ಬಿಚ್ಚಿ. ಬ್ರಷ್ಷಿನ ಅಂಚು ತೀರಾ ಮೆತ್ತಗೆ ಬೇಡ.

ಹೀಲಿಂಗ್ ಟಿಕ್ ಆಗಿದ್ದರೆ ಅದನ್ನೂ ತೆಗೆಯಿರಿ. ಹೀಲಿಂಗ್ ಅಂದರೆ ಎತ್ತಿದ ಭಾಗದ ಬಣ್ಣವನ್ನು ಇಡುವ ಜಾಗದ ಬಣ್ಣಕ್ಕೆ ಹೊಂದಿಸುವುದು. ಮುಖದ ಮೇಲಿನ ಕಲೆ ತೆಗೆಯಲು ಬಹಳ ಒಳ್ಳೆಯದು. ಖಾಲಿ ಲೇಯರ್‌ನಲ್ಲಿ ಹೊಂದಿಸಿಕೊಳ್ಳಲು ಬಣ್ಣ ಎಲ್ಲಿಂದ ಬರಬೇಕು?

ಬೆಳಕು ತಿರುಗಿ ಬಿದ್ದರೆ

ಈಗ ಮಣಿ ಬೀಳುತ್ತಿದೆ, ಬಣ್ಣವೂ ಸರಿ ಇದೆ. ಆದರೂ ರಿಪೇರಿ ಮಾಡಿದ ಹಾರ ಹಳ್ಳಕ್ಕೆ ಬಿದ್ದ ಹಾಗೆ ಕಾಣುತ್ತಿತ್ತು. ಉಬ್ಬಿರಬೇಕಾದ ಮಣಿಗಳು ಒಳಕ್ಕೆ ತಗ್ಗಿವೆ ಅನ್ನಿಸುತ್ತಿತ್ತು. "ಕ್ಲೋನ್ ಬ್ರಷ್ ಇನ್ನೂ ಏನೋ ತಪ್ ಮಾಡ್ತಾ ಅದೆ ಕಣಕ್ಕ" ಅಂದಳು. ಈ ಸಲ ಬ್ರಷ್ ತಪ್ಪು ಮಾಡಿರಲಿಲ್ಲ. ಆದರೂ ದೋಷದ ಹಾಗೇ ಕಾಣುವುದರಿಂದ ಇದನ್ನು ಬಿಡುವ ಹಾಗಿಲ್ಲ.

ಒಂದು ಮಣಿಯನ್ನು ಎಂಟು ಪಟ್ಟು ದೊಡ್ಡದು ಮಾಡಿ ನೋಡಿದೆವು. ಫೋಟೋ ತೆಗೆದಾಗ ಕಿಟಕಿ ಚಿತ್ರದ ಎಡಗಡೆ ಇತ್ತು. ಹಾಗಾಗಿ ಪ್ರತಿ ಮಣಿಯ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಹೊಳಪು. ಬಲ ಅಂಚಿನಲ್ಲಿ ಕಂದು ನೆರಳು, ಅದು ಹೊಳಪಿಗಿಂತ ಸ್ವಲ್ಪ ಅಗಲ. ನಡುವೆ ರೇಕಿನ ಹಳದಿ, ಅದರಲ್ಲಿ ಸಣ್ಣ ಸಣ್ಣ ಬಿರುಕು. ರಿಪೇರಿ ಮಾಡಿದ ಮಣಿಯಲ್ಲಿ ಹೊಳಪು ಬಲಕ್ಕೆ, ನೆರಳು ಎಡಕ್ಕೆ ಇತ್ತು. ನಮ್ಮ ಕಣ್ಣು ಇಡೀ ಚಿತ್ರಕ್ಕೆ ಬೆಳಕು ಎಡದಿಂದ ಬಂದಿದೆ ಅಂತ ಒಪ್ಪಿಕೊಂಡುಬಿಟ್ಟಿರುತ್ತದೆ. ಆಮೇಲೆ ಹೊಳಪು ಬಲಕ್ಕೆ ಕಂಡರೆ ಅದನ್ನು ಉಬ್ಬು ಅನ್ನುವುದಿಲ್ಲ, ಗುಂಡಿ ಅನ್ನುತ್ತದೆ.

ಹೇಗಾಯಿತು ಅಂತ ಕೇಳಿದೆ. ದೇವಿಯ ಹಾರ ಎರಡೂ ಕಡೆ ಒಂದೇ ಸಮ ಇಳಿಯುತ್ತದೆ. ಬಲಗಡೆ ಹಾರ ಚೆನ್ನಾಗಿತ್ತು. ಅವಳು 'ಮೂಲ'ದ ಒಂದು ನಕಲು ಲೇಯರ್ ಮಾಡಿ, ಅದನ್ನು ಕನ್ನಡಿಯ ಹಾಗೆ ತಿರುಗಿಸಿ, ಅದರಿಂದ ಕ್ಲೋನ್ ಮಾಡಿದ್ದಳು. ಯೋಚನೆ ಒಳ್ಳೆಯದೇ, ಹಾರದ ಬಾಗು ಸರಿಯಾಗಿ ಕೂತಿತ್ತು. ಆದರೆ ಬಾಗಿನ ಜೊತೆ ಬೆಳಕೂ ತಿರುಗಿತು.

ತಿರುಗಿಸದೆ ನೇರವಾಗಿ ಬಲಗಡೆಯಿಂದ ಎತ್ತಿದರೆ ಬೆಳಕು ಸರಿ ಇರುತ್ತದೆ, ಬಾಗು ತಪ್ಪುತ್ತದೆ. ಎರಡೂ ಬೇಕು ಅಂದರೆ ದಾರಿ ಒಂದೇ: ಅದೇ ಬದಿಯಲ್ಲಿ, ಹತ್ತಿರದಲ್ಲಿ ಉಳಿದಿರುವ ಮಣಿಗಳನ್ನು ಹುಡುಕುವುದು. ಉದುರಿದ ಜಾಗದ ಮೇಲೆ ನಾಲ್ಕು, ಕೆಳಗೆ ಆರು ಮಣಿ ಚೆನ್ನಾಗಿದ್ದವು. ಒಂದೊಂದು ಮಣಿಯನ್ನೇ ಬಿಡಿಯಾಗಿ ಎತ್ತಿ ಕೂರಿಸಿದೆವು. ಗುಂಡಗಿರುವ ಮಣಿಗೆ ಬಾಗಿನ ಹಂಗಿಲ್ಲ, ಒಂದರ ಪಕ್ಕ ಒಂದು ಇಡುತ್ತಾ ಹೋದರೆ ಹಾರದ ಬಾಗು ನಾವು ಹೇಳಿದ ಹಾಗೆ ಬರುತ್ತದೆ. ಒಂದೇ ಮಣಿಯನ್ನು ಹತ್ತು ಸಲ ಇಟ್ಟರೆ ಅದರ ಬಿರುಕು ಹತ್ತು ಕಡೆ ಕಂಡು ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಐದಾರು ಬೇರೆ ಬೇರೆ ಮಣಿಗಳನ್ನು ಸರದಿಯ ಮೇಲೆ ಬಳಸಿದೆವು.

ಹತ್ತಿರದ್ದೇ ಯಾಕೆ? ಚಿನ್ನದ ರೇಕು ಬೆಳಕನ್ನು ಕನ್ನಡಿಯ ಹಾಗೆ ವಾಪಸ್ ಕೊಡುತ್ತದೆ. ಕಿರೀಟದ ಹತ್ತಿರದ ಚಿನ್ನಕ್ಕೂ ಪಾದದ ಹತ್ತಿರದ ಚಿನ್ನಕ್ಕೂ ಫೋಟೋದಲ್ಲಿ ಬಣ್ಣ ಬೇರೆ. ದೂರದಿಂದ ತಂದದ್ದು ತೇಪೆ ಹಾಕಿದ ಹಾಗೇ ಕಾಣುತ್ತದೆ.

ಪದಕದಂಥ ದೊಡ್ಡ ಭಾಗಕ್ಕೆ ಕನ್ನಡಿ ನಕಲು ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ, ಅದನ್ನೇ ಬಳಸಿ, ಆಮೇಲೆ ಹೊಳಪು ನೆರಳನ್ನು ಕೈಯಾರೆ ತಿದ್ದಿ. ತಿದ್ದುವುದಕ್ಕೆ ಇನ್ನೊಂದು ಲೇಯರ್ ಮಾಡಿಕೊಳ್ಳಿ. ಬಲ ಅಂಚಿನ ಬಿಳಿಯನ್ನು ಕಂದು ಬಣ್ಣದಿಂದ ಮುಚ್ಚಿ, ಎಡ ಅಂಚಿಗೆ ಸಣ್ಣ ಬ್ರಷ್ಷಿನಲ್ಲಿ ಬಿಳಿ ಎಳೆಯಿರಿ. ಇದು ತಾಳ್ಮೆಯ ಕೆಲಸ. ಒಂದು ಪದಕಕ್ಕೆ ನಮಗೆ ಒಂದು ಮಧ್ಯಾಹ್ನ ಹಿಡಿಯಿತು.

ಉಳಿದ ಸಣ್ಣಪುಟ್ಟವು

ಪ್ರತಿ ಸಲ ಬ್ರಷ್ ಎತ್ತಿ ಇಟ್ಟಾಗ ಅದೇ ಮಣಿಯೇ ಮೊದಲಿನಿಂದ ಬರುತ್ತಿದ್ದರೆ, ಕ್ರಿಟಾದ ಬ್ರಷ್ ಎಡಿಟರ್‌ನಲ್ಲಿ ಹೊಸ ಎಳೆತಕ್ಕೆ ಮೊದಲು ಮೂಲಬಿಂದು ರೀಸೆಟ್ ಮಾಡುವ ಆಯ್ಕೆ ಟಿಕ್ ಆಗಿದೆ ಅಂತ ಅರ್ಥ. ಬಿಡಿ ಮಣಿ ಇಡುವಾಗ ಅದು ಬೇಕು. ಸೀರೆಯ ಅಂಚಿನಂಥ ಉದ್ದ ಜಾಗಕ್ಕೆ ಅದು ಬೇಡ. ಅಲ್ಲಿ ಎತ್ತುವ ಜಾಗಕ್ಕೂ ಇಡುವ ಜಾಗಕ್ಕೂ ಇರುವ ದೂರ ಹಾಗೇ ಉಳಿಯಬೇಕು.

ಲೇಯರನ್ನು ಮೂವ್ ಟೂಲಿನಿಂದ ಸರಿಸಿದ ಮೇಲೆ ಬಿಂದುವನ್ನು ಹೊಸದಾಗಿ ಇಡಿ. ಹಳೆ ಬಿಂದುವಿನ ಕೆಳಗೆ ಈಗ ಬೇರೆ ಚಿತ್ರ ಬಂದಿರುತ್ತದೆ.

ಬ್ರಷ್ ಎಳೆದು ಸ್ವಲ್ಪ ಹೊತ್ತಾದ ಮೇಲೆ ಬಣ್ಣ ಬೀಳುತ್ತಿದ್ದರೆ ಅದು ಕಂಪ್ಯೂಟರಿನ ಮೇಲಿನ ಭಾರ. ಎ3 ಅಳತೆಗೆ ಇಂಚಿಗೆ 300 ಚುಕ್ಕೆಯಂತೆ 3508 ಮತ್ತು 4961 ಪಿಕ್ಸೆಲ್ ಆಗುತ್ತದೆ. 8 ಬಿಟ್ ಬಣ್ಣದಲ್ಲಿ ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 70 ಎಂಬಿ ಬೇಕು, 16 ಬಿಟ್ ಆದರೆ ಅದರ ಎರಡರಷ್ಟು. ಲೇಯರ್ ಬಹಳ ಇದ್ದು ಒಟ್ಟು ಚಿತ್ರದಿಂದ ಕ್ಲೋನ್ ಮಾಡಬೇಕಾದರೆ, ಲೇಯರ್ ಮೆನುವಿನಲ್ಲಿ ಕಾಣುವುದೆಲ್ಲ ಸೇರಿಸಿ ಹೊಸ ಲೇಯರ್ ಮಾಡುವ ಆಯ್ಕೆ ಬಳಸಿ, ಆ ಒಂದರಿಂದ ತಗೊಳ್ಳಿ. ಕ್ರಿಟಾ, ಗಿಂಪ್ ಎರಡರಲ್ಲೂ ಇದೆ. ಇದನ್ನು ಮಾಡುವಾಗಲೂ ಮಲ್ಟಿಪ್ಲೈ ಲೇಯರ್ ಮುಚ್ಚಿರಲಿ. ಆಮೇಲೆ ಕೆಳಗೆ ಏನಾದರೂ ತಿದ್ದಿದರೆ ಈ ಲೇಯರ್‌ಗೆ ಅದು ಗೊತ್ತಾಗುವುದಿಲ್ಲ, ಮತ್ತೆ ಹೊಸದು ಮಾಡಬೇಕು.

ಪ್ರಿಂಟಿಗೆ ಕೊಡುವ ಮೊದಲು ನಾವು ಮಾಡಿದ ಕೊನೆಯ ಪರೀಕ್ಷೆ ಇದು. 'ಮೂಲ'ದ ಕಣ್ಣು ಮುಚ್ಚಿ, 'ರಿಪೇರಿ'ಯನ್ನು ಮಾತ್ರ ಬಿಟ್ಟು, ಅದರ ಕೆಳಗೆ ತಾತ್ಕಾಲಿಕವಾಗಿ ಕಡು ಹಸಿರು ಬಣ್ಣ ತುಂಬಿದ ಲೇಯರ್ ಇಟ್ಟೆವು. ಹಸಿರಿನ ಮೇಲೆ ಹನ್ನೊಂದು ಮಣಿ, ಒಂದು ಪದಕ, ಅಂಚಿನ ಒಂದಿಷ್ಟು ತುಂಡು ಬಿಡಿಬಿಡಿಯಾಗಿ ಕಂಡವು. ಏಳನೇ ಮಣಿಯ ಸುತ್ತ ತೆಳ್ಳನೆಯ ಕಪ್ಪು ಉಂಗುರ ಇತ್ತು. ಬೆಳಿಗ್ಗೆ ಎಲ್ಲ ಲೇಯರ್‌ಗಳಿಂದ ಎತ್ತಿದ್ದ ಆ ಮೊದಲ ಮಣಿಯ ಅಂಚು, ಅಳಿಸಿದ್ದು ಪೂರ್ತಿ ಹೋಗಿರಲಿಲ್ಲ. ಅವಳೇ ಅದನ್ನು ರಬ್ಬರಿನಿಂದ ತೆಗೆದು, 'ಮೂಲ'ಕ್ಕೆ ಹೋಗಿ, ಕಂಟ್ರೋಲ್ ಕ್ಲಿಕ್ ಮಾಡಿ, 'ರಿಪೇರಿ'ಗೆ ವಾಪಸ್ ಬಂದು ಹೊಸ ಮಣಿ ಕೂರಿಸಿದಳು. ನಾನು ಏನೂ ಹೇಳಬೇಕಾಗಲಿಲ್ಲ. ಹಸಿರು ಲೇಯರ್ ತೆಗೆದು ಫೈಲ್ ಉಳಿಸಿ, ಸಂಜೆಯ ರೈಲಿಗೆ ಹೊರಟಳು.